ಶಟ್ಲು ಬಂಡಿಗೆ ಎರಡನೇ ಹಳಿ

ಅಲ್ಲ ಕಣಕ್ಕಾ, ಆ ಗೂಟ ಹೊಡೆದೋನು ನಾನಲ್ಲ ಅಂತ ಎಷ್ಟು ಸಲ ಹೇಳ್ಲಿ? ಸುತ್ತಿಗೆ ಹಿಡಿದೋನು ರೈಲಿನೋರ ಆಳು. ಗೂಟದ ತಲೆಗೆ ಕೆಂಪು ಬಣ್ಣ ಬಳಿದೋನು ಇನ್ನೊಬ್ಬ. ಬೆಳಗ್ಗೆ ಅವರು ನಿನ್ನ ಕುರಿದೊಡ್ಡಿಗೆ ನುಗ್ಗಿದಾಗ ನಾನೇನು ಮಾಡ್ತಿದ್ದೆ? ರೈಲು ಗೇಟಿನತ್ರ ನಿಂತು ಟೀ ಕುಡೀತಿದ್ದೆ. ಟೀ ಕುಡಿಯೋದು ತಪ್ಪಾ? ಸರ್ಕಾರ ಕಳ್ಳು ನಿಲ್ಲಿಸೈತೆ, ಟೀ ಇನ್ನೂ ನಿಲ್ಲಿಸಿಲ್ಲ!

ಅಂಗೆ ನೋಡಬ್ಯಾಡ. ಬೈಯೋದಾದ್ರೆ ಬೈ. ನೀನು ಬೈದ್ರೆ ನಂಗೆ ಉತ್ತರ ಬರ್ತದೆ, ಹುಟ್ಟಿದಾಗಿಂದ ನಿನ್ನ ಬೈಗುಳ ತಿಂದೇ ಬೆಳೆದೋನು ನಾನು. ಇಂಗೆ ಬಾಯಿ ಹೊಲಿದುಕೊಂಡು ನಿಂತ್ರೆ ಏನಂತ ಉತ್ತರ ಹೇಳ್ಲಿ? ಮೊದಲು ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಡು. ಯಾರ ಮ್ಯಾಲೂ ಜಗಳಕ್ಕೆ ಓಗೋದೇನೂ ಇಲ್ಲ. ಎಲ್ಲಾ ಮಾತಾಡಿ ಸರಿ ಮಾಡ್ಬಹುದು.

ಗೂಟ ಅಂದ್ರೆ ಏನು? ಗುರುತು. ಅಷ್ಟೇ. ಕುರಿ ಬೆನ್ನಿಗೆ ನಾವು ಕಾವಿ ಬಳಿಯಲ್ವಾ? ಬಳಿದ ತಕ್ಷಣ ಕುರಿ ಸತ್ತೋಯ್ತಾ? ... ಏನು? ಓ... ಕಡಿಯೋಕೆ ಕೊಡೋ ಕುರಿಗೇ ಬಳಿಯೋದು ಅಂತೀಯ. ಬಾಯಲ್ಲಿ ಅನ್ನಲಿಲ್ಲ, ಕಣ್ಣಲ್ಲೇ ಅಂದೆ. ತಿಳೀತು ಬುಡು.

ಅಳೆದು ನೋಡು ಬೇಕಾದ್ರೆ. ಬೇವಿನ ಮರದಿಂದ ನೀರಿನ ಬಾನಿವರೆಗೂ ಒಂದು ಸಾಲು. ಬಾನಿಯಿಂದ ನಿನ್ನ ಗುಡಿಸಲು ಬಾಗಿಲವರೆಗೂ ಇನ್ನೊಂದು. ಒಲೆ ಉಳೀತದೆ ಅಕ್ಕಾ! ಒಲೆ ಈ ಕಡೆ, ಹೊಸ ಹಳಿ ಆ ಕಡೆ. ಬಂಡಿ ಓಗೋವಾಗ ಕೂತಲ್ಲಿಂದ್ಲೇ ಡ್ರೈವರ್ ಕೈಗೆ ಒಂದು ಮುದ್ದೆ ಇಡಬಹುದು. ಸೇಲಂ ಪೇಟೆಯಲ್ಲಿ ಇಂಥ ಸವಲತ್ತು ಇನ್ಯಾರಿಗೈತೆ ಹೇಳು! ಕಲೆಕ್ಟರ್ ಬಂಗಲೆಗೂ ಇಲ್ಲ.

ನಗಲಿಲ್ಲ. ಸರಿ.

ನೋಡು, ನಿಂಗೆ ಒಂದು ಮಾತು ಕೇಳ್ತೀನಿ. ಸೂರಮಂಗಲದಿಂದ ಚೆವ್ವಾಯ್‌ಪೇಟೆಗೆ ಬರೋ ಶಟ್ಲು ಬಂಡಿ ದಿನಾ ನಿನ್ನ ಬೇಲಿ ಪಕ್ಕದಲ್ಲೇ ಓಗ್ತದೆ. ಅದ್ರೊಳಗೆ ಜನ ಕೂತಿರ್ತಾರಾ? ಹುಣಸೆಹಣ್ಣು ಜಜ್ಜಿ ಮಡಕೆಗೆ ತುರುಕಿದಂಗೆ ತುರುಕಿರ್ತಾರೆ! ಮಿಲ್ಲಿಗೆ ಓಗೋರು, ತರಕಾರಿ ಬುಟ್ಟಿಯೋರು, ಆಸ್ಪತ್ರೆಗೆ ಓಗೋ ಬಸುರಿಯರು... ಎಲ್ಲಾ ಒಂದೇ ಮುದ್ದೆ. ಉಳಿದೋರು ಬಾಗಿಲಲ್ಲಿ ನೇತಾಡ್ತಾರೆ. ನೂಲಿನ ಮಿಲ್ಲಿನ ಈಶ್ವರನ್ ಗೊತ್ತಲ್ಲ? ಅಂಗೇ ನೇತಾಡ್ತಿದ್ದೋನು ಗೇಟಿನ ಕಂಬಕ್ಕೆ ಹೊಡೆದುಕೊಂಡು ಬಿದ್ದ. ತೋಳು ಓಯ್ತು. ಬಿದ್ದೋನನ್ನ ಎತ್ಕೊಂಡು ಬಂದು ಇದೇ ಬೇವಿನ ಮರದ ಕೆಳಗೆ ಮಲಗಿಸಿದ್ದು ನೀನು. ನಿನ್ನ ಸೀರೆ ಹರಿದು ಕಟ್ಟಿದ್ದು ನೀನು. ಅವತ್ತು ನೀನೇ ಅಂದೆ, 'ಲೇ, ಈ ಬಂಡಿಗೆ ಇನ್ನೊಂದು ನಾಲ್ಕು ಡಬ್ಬಿ ಸೇರಿಸಿದ್ರೆ ಅವರಪ್ಪನ ಗಂಟು ಓಗ್ತದಾ?' ಅಂದೆ. ಅಂದೆಯೋ ಇಲ್ವೋ?

ಅಂದೆ. ಅದಕ್ಕೇ ನಾನು ಸಂಘ ಕಟ್ಟಿದ್ದು. ಶಟ್ಲು ಬಂಡಿ ಪ್ರಯಾಣಿಕರ ಸಂಘ, ಕಾರ್ಯದರ್ಶಿ ಎಲ್ಲಪ್ಪ! ಮಗ್ಗ ಬಿಟ್ಟೆ, ಮನೆ ಬಿಟ್ಟೆ. ಶಾಲೆ ಮೆಟ್ಟಿಲು ಹತ್ತಿದೋನಾ ನಾನು? ಸ್ಟೇಷನ್ ಬೋರ್ಡು ನೋಡಿ ನೋಡಿ ಮೂರು ಭಾಷೆ ಓದೋಕೆ ಕಲಿತೆ, ಆಮೇಲೆ ಅದರಲ್ಲಿ ಹಿಂದಿಗೆ ನಾನೇ ಟಾರು ಬಳಿದೆ. ಕನ್ನಡ ಯಾವ ಬೋರ್ಡಿನಲ್ಲೂ ಇರ್ಲಿಲ್ಲ. ಅದು ನಿನ್ನ ಬಾಯಿಂದ ಬಂದದ್ದು.

ಹಳಿ ಮ್ಯಾಲೆ ಮಲಗಿದ್ದು ಮರೆತೆಯಾ? 'ಡಬ್ಬಿ ಕೊಡಿ, ಇಲ್ಲ ನಮ್ಮ ಪ್ರಾಣ ತಗೊಳ್ಳಿ' ಅಂತ ಕೂಗ್ಕೊಂಡು ಮಲಗಿದ್ವಿ. ಬಂಡಿ ಬರಬೇಕಲ್ಲ! ಬರಲೇ ಇಲ್ಲ. ತಡ! ನಮ್ಮ ಶಟ್ಲು ಸಾಯೋರಿಗೂ ಟೈಮಿಗೆ ಬರಲ್ಲ ಅಕ್ಕಾ. ಕಬ್ಬಿಣ ಕಾದು ಬೆನ್ನೆಲ್ಲಾ ಬೊಬ್ಬೆ. ನೀನು ಗಂಜಿ ತಂದೆ. ಮಲಗಿದ್ದಂಗೇ ಕುಡಿಸಿದೆ. ಕೊನೆಗೆ ಪೊಲೀಸ್ನೋರು ಬಂದ್ರು, ಬಂಡಿಗಿಂತ ಮೊದ್ಲು.

ಯಾಕೆ ಹೇಳ್ದೆ ಅಂದ್ರೆ... ಅಷ್ಟು ಮಾಡಿದ್ದಕ್ಕೆ ಈಗ ಎರಡನೇ ಹಳಿ ಮಂಜೂರಾಗೈತೆ. ಒಂದು ಓಗ್ತಿದ್ದಂಗೇ ಇನ್ನೊಂದು ಬರ್ತದೆ. ಉದ್ದ ಪ್ಲಾಟ್‌ಫಾರಂ. ಡಬ್ಬಿ ಜಾಸ್ತಿ. ಗೆದ್ವಿ ಕಣಕ್ಕಾ, ನಾವು ಗೆದ್ವಿ! ಇದು ಸಂತೋಷದ ವಿಷಯ. ನೀನು ನೋಡಿದ್ರೆ ಸಾವಿನ ಮನೆಯಲ್ಲಿ ನಿಂತಂಗೆ ನಿಂತಿದೀಯ.

ಗೊತ್ತು, ಗೊತ್ತು. 'ಹಳಿ ಆ ಕಡೆ ಹಾಕಿಸ್ತೀನಿ ಅಂದಿದ್ದೆಯಲ್ಲೋ' ಅನ್ನೋದು ತಾನೇ ನಿನ್ನ ಪ್ರಶ್ನೆ? ಅಂದಿದ್ದೆ. ಸಂತೆ ನಡುವೆ ಪೆಟ್ಟಿಗೆ ಹತ್ತಿ ನಿಂತು ಕೂಗಿದ್ದೆ. ಪಡುವಣ ಕಡೆ ಹಾಕಿ ಅಂತ. ಆ ಕಡೆ ಏನೈತೆ? ಪಳನಿಯಪ್ಪನ್ ಬೆಲ್ಲದ ಮಂಡಿಯ ಹಿಂದಿನ ಗೋಡೆ. ಅದಕ್ಕೆ ಕಾಲೈತೆ, ಎಲ್ರಿಗೂ ಗೊತ್ತು. ಪ್ರತಿ ಮಳೆಗಾಲ ಕಳೆದ ಮ್ಯಾಲೆ ಒಂದು ಹೆಜ್ಜೆ ಹಳಿ ಕಡೆಗೆ ನಡೆದಿರ್ತದೆ. ಆ ಗೋಡೆ, ಅವನ ಕಕ್ಕಸು, ಒಂದು ಕೊಳೆತ ಬೆಲ್ಲದ ರಾಶಿ... ಅಷ್ಟು ಓಗ್ತಿತ್ತು. ಯಾರೂ ಅಳ್ತಿರ್ಲಿಲ್ಲ, ನೊಣ ಬಿಟ್ಟು.

ಆದ್ರೆ ಇಂಜಿನಿಯರ್ ಲೆಕ್ಕ ಬೇರೆ ಅಕ್ಕಾ. ಲೆವೆಲ್ ಅಂತ ಒಂದೈತೆ. ನಿಂಗೆ ಅರ್ಥ ಆಗಲ್ಲ. ನಂಗೂ ಅರ್ಥ ಆಗ್ಲಿಲ್ಲ, ಆದ್ರೆ ನಂಗೆ ಅರ್ಥ ಆಗದೇ ಇರೋದು ಬೇರೆ, ನಿಂಗೆ ಅರ್ಥ ಆಗದೇ ಇರೋದು ಬೇರೆ. ಆ ಕಡೆ ನೆಲ ಇಳಿಜಾರಂತೆ. ಈ ಕಡೆ ಸಮ ಅಂತೆ. ನಮ್ಮಜ್ಜನ ಕಾಲದಿಂದ ಕುರಿ ತುಳಿದೂ ತುಳಿದೂ ಸಮ ಮಾಡಿಟ್ಟಿದ್ವಲ್ಲ, ಅದೇ ನಮ್ಮ ತಪ್ಪು! ಕುರಿಗೆ ಗುಂಡಿ ತೋಡೋಕೆ ಕಲಿಸಬೇಕಿತ್ತು.

ನೀನು ರೈಲಿನೋರ ಮೀಟಿಂಗಿಗೆ ಬಂದಿದ್ರೆ ನೋಡ್ತಿದ್ದೆ. ಮೀಟಿಂಗ್ ಎಲ್ಲಿ? ಅದೇ ಬೆಲ್ಲದ ಮಂಡಿಯ ಮಹಡಿ ಮ್ಯಾಲೆ! ಪೇಟೆಯಲ್ಲಿ ಬೇರೆ ಮಹಡಿನೇ ಇಲ್ಲ ನೋಡು. ದೊಡ್ಡ ಆಫೀಸರು ಬಂದ್ರು, ಚಿಕ್ಕ ಆಫೀಸರು ಬಂದ್ರು, ಚಿಕ್ಕ ಆಫೀಸರ ಛತ್ರಿ ಹಿಡಿಯೋನು ಬಂದ. ಕೇಸರಿಬಾತು, ಬಜ್ಜಿ, ಡಿಕಾಕ್ಷನ್ ಕಾಫಿ. ಗೋಡೆ ಮ್ಯಾಲೆ ನಕ್ಷೆ ತೂಗು ಹಾಕಿದ್ರು. ಅದರಲ್ಲಿ ಮಂಡಿ ಐತೆ, ಹತ್ತಿ ಗೋದಾಮು ಐತೆ, ಕಸಾಯಿಖಾನೆನೂ ಐತೆ. ನಿನ್ನ ದೊಡ್ಡಿ ಇರೋ ಕಡೆ ಬರೀ ಬಿಳಿ. ಒಂದು ಮಾತು ಬರೆದಿತ್ತು, ಪೊರಂಬೋಕು. ಯಾರದೂ ಅಲ್ಲದ ನೆಲ. ನಮ್ಮಜ್ಜ ತೊಪ್ಪೂರು ಕಣಿವೆ ಇಳಿದು ಕುರಿ ಹೊಡ್ಕೊಂಡು ಬಂದಾಗ ಇಲ್ಲಿ ರೈಲೇ ಇರ್ಲಿಲ್ಲ. ರೈಲು ಬಂದ ಮ್ಯಾಲೆ ನಾವು ಇಲ್ಲ!

ಹೋದ ವರ್ಷ ರಾಜ್ಯದ ಗಡಿ ಗೀಚಿದ್ರಲ್ಲ, ಅಂಗೇ. ಕನ್ನಡ ಮಾತಾಡೋರು ಆ ಕಡೆ, ತಮಿಳು ಮಾತಾಡೋರು ಈ ಕಡೆ ಅಂದ್ರು. ನಾವು ಎಲ್ಲಿ? ಬಿಳಿ ಜಾಗದಲ್ಲಿ!

ನಂಗೂ ಒಂದು ಚೇರು ಹಾಕಿದ್ರು. ಕೈ ಇರೋ ಚೇರು. ಆಫೀಸರ ಪಕ್ಕದಲ್ಲೇ.

ಯಾಕೆ ನಗ್ತೀಯ?

ಇಲ್ಲ, ಈಗ ಯಾಕೆ ನಕ್ಕೆ? ಇಷ್ಟು ಹೊತ್ತು ನಗಿಸಿದ್ರೂ ನಗದೋಳು ಚೇರು ಅಂದ ತಕ್ಷಣ... ಎಲ್ಲಪ್ಪ ಚೇರಲ್ಲಿ ಕೂರಬಾರದಾ? 'ಮಿಸ್ಟರ್ ಎಲ್ಲಪ್ಪ, ಜನರ ಪ್ರತಿನಿಧಿ' ಅಂತ ದೊಡ್ಡ ಆಫೀಸರೇ ಕರೆದ. ಪಳನಿಯಪ್ಪನ್ ಇದಾನಲ್ಲ, ನನ್ನ ಕಂಡ್ರೆ ಕೆಮ್ಮಿ ಉಗಿಯೋನು, ಅವತ್ತು ಎದ್ದು ನಿಂತು 'ವಾಂಗ ತಲೈವರೇ, ಬನ್ನಿ ನಾಯಕರೇ' ಅಂದ. ಕೇಸರಿಬಾತು ಅವನ ಕೈಯಾರೆ ಬಡಿಸಿದ. ನಾನು ತಿನ್ನಲಿಲ್ಲ. ಸ್ವಲ್ಪ ತಿಂದೆ. ತುಪ್ಪ ಜಾಸ್ತಿ.

ನಗು ಮುಗೀತಾ? ಮುಗೀತು. ಈಗ ಮತ್ತೆ ಕಲ್ಲು.

ಅಕ್ಕಾ, ನಾನು ಜಾಗ ಹುಡುಕಿದೀನಿ. ಸುಮ್ನೆ ಬರ್ತೀನಾ ನಿನ್ನ ಮುಂದೆ ಬರಿಗೈಯಲ್ಲಿ? ಊರಾಚೆ, ಕೆರೆ ಅಂಗಳ ದಾಟಿದ್ರೆ ಮೇಡು, ಎತ್ತರದ ಬಯಲು. ವಿಶಾಲ. ಗಾಳಿ ಬೀಸ್ತದೆ. ಈ ಹೊಗೆ ಇಲ್ಲ, ಈ ಗಲಾಟೆ ಇಲ್ಲ. ಬೇಲಿ ಹಾಕಿದ್ರೆ ಆಯ್ತು ದೊಡ್ಡಿ. ಸಂತೆಗೆ ದೂರ ಅಂತೀಯಾ? ಕುರಿಗೆ ಕಾಲೈತಲ್ಲ!

... ಸರಿ. ತಪ್ಪು ಮಾತು. ಹರೂರಿಂದ, ಕೊಳತ್ತೂರು ಕಾಡಿನ ಕಡೆಯಿಂದ ನಡೆದು ನಡೆದು ಗೊರಸು ಸವೆದ ಕುರಿ ಬರ್ತವೆ. ಸಂತೆ ಹಿಂದಿನ ದಿನ ಇಲ್ಲಿ ಮಲಗಿ ನೀರು ಕುಡಿದು ಹೊಟ್ಟೆ ತುಂಬ್ಕೊಂಡ್ರೆ ಬೆಳಗ್ಗೆ ನೋಡೋಕೆ ಕುರಿಯಂಗೆ ಇರ್ತವೆ. ಇಲ್ಲದಿದ್ರೆ ಬಡಕಲು ಅಂತ ಕಸಾಯಿಯೋರು ಮೂಗು ಮುರೀತಾರೆ. ಅದೆಲ್ಲಾ ನಂಗೆ ಹೇಳಿಕೊಡಬೇಕಾ? ಕುರಿಯೋರು ನಿಂಗೆ ಬಾಡಿಗೆ ಕೊಡಲ್ಲ, ಗೊಬ್ಬರ ಬಿಟ್ಟು ಓಗ್ತಾರೆ. ಗೊಬ್ಬರ ಗುಗೈ ಕಡೆ ತೋಟದೋರು ತಗೊಂಡು ರಾಗಿ ಕೊಡ್ತಾರೆ. ಆ ರಾಗಿಯಿಂದ ಬಾವ ತೀರ್ಕೊಂಡ ಮ್ಯಾಲೂ ನೀನು ಯಾರ ಮನೆ ಬಾಗಿಲೂ ಕಾಯಲಿಲ್ಲ. ಇದನ್ನ ಆಫೀಸರಿಗೆ ಹೇಳೋಕೆ ಹೋದೆ. 'ಸೋ, ನೋ ರೆಂಟ್?' ಅಂದ. ಬಾಡಿಗೆ ಇಲ್ಲ ಅಂದ್ರೆ ದೊಡ್ಡಿನೂ ಇಲ್ಲ! ಅವರ ಪುಸ್ತಕದಲ್ಲಿ ಹಿಕ್ಕೆಗೆ ಜಾಗ ಇಲ್ಲ.

ಕೆರೆ ಮೇಡಿನ ಜಾಗ ಚೆನ್ನಾಗೈತೆ ಅಕ್ಕಾ, ನಿಜವಾಗ್ಲೂ. ನಾನೇ ಓಗಿ ನೋಡ್ಬಂದೆ. ಹೋದ ವಾರ ಸುತ್ತೂ ನಡೆದು...

ಏನು?

ಹೋದ ವಾರ ಅಂದೆನಾ? ಇಲ್ಲ. ಇವತ್ತು... ಗೂಟ ಹೊಡೆದದ್ದು ಇವತ್ತು, ಹೋದ ವಾರ ಎಂಗೆ ಓಗ್ತೀನಿ? ಅಂದ್ರೆ... ಸುಮ್ನೆ ಆ ಕಡೆ ಓಗಿದ್ದೆ. ಬೇರೆ ಕೆಲಸ. ಕಣ್ಣಿಗೆ ಬಿತ್ತು. ಮನುಷ್ಯನಿಗೆ ಕಣ್ಣಿದ್ದ ಮ್ಯಾಲೆ ಜಾಗ ಬೀಳಲ್ವಾ?

ಎಲ್ಲಿಗೆ ಓಗ್ತೀಯ? ಅಕ್ಕಾ! ಮಾತಾಡ್ತಿದೀನಿ, ಇನ್ನೂ ಮುಗಿದಿಲ್ಲ... ನೀರಾ? ಬ್ಯಾಡ, ಬಾಯಾರಿಕೆ ಇಲ್ಲ. ಮುದ್ದೆನಾ? ತಿಂದೇ ಬಂದೆ. ಬಾ ಆಚೆಗೆ.

ಕಂಬಳಿ ಯಾಕೆ?

ಬಿಸಿಲು ಇನ್ನೂ ಇಳಿದಿಲ್ಲ, ಈಗ ಕಂಬಳಿ ಯಾಕಕ್ಕಾ? ... ಓ, ಬಿಸಿಲಿಗೆ ಹಾಕ್ತೀಯ. ಹಾಕು. ಅಪ್ಪನ ಕರಿಕಂಬಳಿ ಇನ್ನೂ ಇಟ್ಕೊಂಡಿದೀಯಾ? ಹುಳ ಹಿಡಿದಿಲ್ವಾ? ನೆರಿಗೆ ತೆಗೆದು ಹಾಸ್ತಿದೀಯಲ್ಲ, ಮದುವೆ ಮನೆಗೆ ಹಾಸಿದಂಗೆ... ಅರಿಶಿನ ಯಾಕೆ ಚೆಲ್ತಿದೀಯ?

ಓಹೋ.

ಓಹೋಹೋ! ಕಂಬಳಿ ನ್ಯಾಯನಾ? ನಂಗಾ? ಒಡಹುಟ್ಟಿದ ತಮ್ಮನಿಗಾ? ಚೆನ್ನಾಗೈತೆ, ಬಲು ಚೆನ್ನಾಗೈತೆ! ಕರಿಕಂಬಳಿ ಹಾಸಿ ಅರಿಶಿನ ಚೆಲ್ಲಿದ ಮ್ಯಾಲೆ ಅದರ ಮ್ಯಾಲೆ ಕೂತೋನು ಸುಳ್ಳಾಡಂಗಿಲ್ಲ, ಆಡಿದ್ರೆ ಅವನ ಮಂದೆ ನಾಶ, ಅವನ ಕುಲ ನಾಶ! ಅಜ್ಜನ ಕಾಲದ ಕತೆ. ಅಲ್ಲ, ನಾನು ಯಾರು ಅಂತ ಮರೆತೆಯಾ? ಹಟ್ಟಿ ಹಟ್ಟಿ ತಿರುಗಿ ಇದರ ಮ್ಯಾಲೇ ಭಾಷಣ ಮಾಡಿದೋನು ನಾನು! 'ಅಣ್ಣಂದಿರಾ, ಕಂಬಳಿ ಅಂದ್ರೆ ಕುರಿ ಕೂದಲು. ಬದುಕಿದ್ದಾಗ ಕುರಿಗೇ ನಿಮ್ಮ ಸುಳ್ಳು ಗೊತ್ತಾಗ್ಲಿಲ್ಲ, ಅದರ ಕೂದಲಿಗೆ ಗೊತ್ತಾಗ್ತದಾ?' ಅಂದೆ. ಜನ ಬಿದ್ದೂ ಬಿದ್ದೂ ನಕ್ಕರು. ನೀನೂ ನಕ್ಕೆ.

ಏನು? ಕೈ ತೋರಿಸ್ತೀಯ... ಬರೀ ಕೂದಲಾದ್ರೆ ಕೂತ್ಕೋ ಅಂತೀಯ. ಅಷ್ಟೇ ತಾನೇ? ಕೂರ್ತೀನಿ. ಕೂರೋಕೆ ಏನು? ಲಾಠಿ ತಿಂದ ಬೆನ್ನು ಇದು, ಕಾದ ಹಳಿ ಮ್ಯಾಲೆ ಮಲಗಿದ ಬೆನ್ನು. ಕೂದಲಿಗೆ ಎದರ್ತದಾ?

ಪಂಚೆ ಒದ್ದೆ ಐತೆ. ಗೇಟಿನತ್ರ ಕೊಚ್ಚೆ ಹಾರ್ತು. ಅಪ್ಪನ ಕಂಬಳಿ ಯಾಕೆ ಕೊಳೆ ಮಾಡ್ಲಿ?

ಮತ್ತೆ ಕರಿಕಂಬಳಿ ಚುಚ್ತದೆ ನಂಗೆ. ಚಿಕ್ಕಂದಿನಿಂದ್ಲೂ. ನಿಂಗೇ ಗೊತ್ತಲ್ಲ, ನವೆ ಬರ್ತದೆ ಅಂತ ನೀನು ನನ್ನ ನಿನ್ನ ಸೀರೆಯಲ್ಲಿ ಸುತ್ತಿ ಮಲಗಿಸ್ತಿದ್ದೆ...

ನೀನು ಯಾಕೆ ಕೂತೆ? ನಿನ್ನ ಯಾರು ಕೂರೋಕೆ ಹೇಳಿದ್ದು? ಕೂತು ಪಕ್ಕದಲ್ಲಿ ಜಾಗ ಬಿಟ್ಟು ನನ್ನ ಮುಖ ನೋಡ್ತೀಯ. ನೋಡು. ಕೊಳೆ ಏನಾದ್ರೂ ಐತಾ ಮುಖದಲ್ಲಿ?

ನೋಡು, ತಿಮ್ಮರಾಯಪ್ಪ ಬಂದ. ಹರೂರು ಮಂದೆ ಬಂತು. ಏನ್ ಮಾವಾ, ಚೆನ್ನಾಗಿದೀಯಾ? ಬಾ ಬಾ, ಕುರಿ ಒಳಗೆ ಹೊಡಿ, ನಾಳೆ ಸಂತೆ... ಅಲ್ಲಿ ಗೂಟ ಐತೆ, ಕಾಲಿಗೆ ತಾಗೀತು... ಮಾವಾ?

ಅವನೂ ಮಾತಾಡಲ್ಲ. ಕಂಬಳಿ ಕಂಡ ತಕ್ಷಣ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತುಬಿಟ್ಟ. ಕುರಿಗೂ ತಡೆ. ಹಾಸಿದ ಕಂಬಳಿ ಮ್ಯಾಲೆ ಮಾತು ಮುಗಿಯೋವರೆಗೂ ಮಂದೆ ಒಳಗೆ ಬರಂಗಿಲ್ಲ, ಅಲ್ವಾ? ಆಹಾ! ಬಾಯಾರಿದ ಕುರಿ ಬಿಸಿಲಲ್ಲಿ ನಿಂತಿರ್ಲಿ, ಎಲ್ಲಪ್ಪ ಯಾವಾಗ ಕೂರ್ತಾನೋ ಅಂತ! ಇದು ಅನ್ಯಾಯ ಅಕ್ಕಾ. ನಂಗೂ ನಿಂಗೂ ಏನಿದ್ರೂ ಕುರಿ ಏನು ಮಾಡಿದ್ವು?

ಆಯ್ತು. ನಿಂತೇ ಹೇಳ್ತೀನಿ. ನಿಂತು ಹೇಳಿದ್ದೂ ಮಾತೇ.

ಆಫೀಸರು ಕೇಳ್ದ, 'ಈ ಮೂಡಣ ಕಡೆ ಕುರಿಯೋರು ಇದಾರಲ್ಲ, ಅವರ ಪರವಾಗಿ ಯಾರು? ತಕರಾರು ಇದೆಯಾ?' ಅಂತ. ತಕರಾರು ಇಲ್ಲ ಅಂದ್ರೆ ತಡ ಇಲ್ಲದೆ ಕೆಲಸ ಶುರು. ಎಲ್ರೂ ನನ್ನ ಕಡೆ ತಿರುಗಿದ್ರು. ನಾನು... ತಲೆ ಆಡಿಸಿದೆ. ಅಷ್ಟೇ. ಬೆಲ್ಲದ ಮಂಡಿ ತಾನೇ? ನೊಣ ಮುತ್ತಿತ್ತು. ಮೂಗಿನ ಮ್ಯಾಲೆ ಕೂತಿತ್ತು, ಅದಕ್ಕೆ ತಲೆ ಆಡಿಸಿದೆ...

...

ಆಯ್ತು! ನೊಣ ಇರ್ಲಿಲ್ಲ! ಕಿಟಕಿಗೆ ಜಾಲರಿ ಹಾಕಿದ್ದ ಪಳನಿಯಪ್ಪನ್, ಆಫೀಸರು ಬರ್ತಾರೆ ಅಂತ. ನಾನೇ ಹೇಳಿದೆ. ಆ ಚೇರಿಂದ ಎದ್ದು ನಿಂತು ಹೇಳಿದೆ. 'ಅವಳು ನಮ್ಮಕ್ಕ. ನಾನು ಒಂದು ಮಾತು ಅಂದ್ರೆ ಎದ್ದು ಓಗ್ತಾಳೆ. ಕುರಿಯೋರೂ ಅವಳ ಹಿಂದೆ ಓಗ್ತಾರೆ. ತಕರಾರು ಇಲ್ಲ' ಅಂದೆ. 'ವೆರಿ ಗುಡ್' ಅಂದ ಆಫೀಸರು. ಕೈ ಕುಲುಕಿದ. ಸಾಕಾ?

ಇನ್ನೇನು ಮಾಡ್ಲಿ ಹೇಳು! ಮಂಡಿ ಗೋಡೆ ಮುಟ್ಟಿದ್ರೆ ಪಳನಿಯಪ್ಪನ್ ಕೋರ್ಟಿಗೆ ಓಗ್ತಾನೆ. ಅವನ ವಕೀಲ, ಅವನ ವಕೀಲನ ಮಗ, ಮೊಮ್ಮಗ, ಎಲ್ರೂ ಆ ಒಂದು ಗೋಡೆ ಮ್ಯಾಲೇ ಅನ್ನ ತಿಂತಾರೆ. ಅಷ್ಟರಲ್ಲಿ ಹಳಿ ವಾಪಸ್ಸು, ಡಬ್ಬಿ ವಾಪಸ್ಸು. ಇನ್ನೆಷ್ಟು ಈಶ್ವರನ್‌ಗಳ ತೋಳು ಓಗಬೇಕು? ಅದು ಸುಳ್ಳಾ? ಅದು ಸುಳ್ಳಲ್ಲ ಅಕ್ಕಾ. ಆ ಬಂಡಿ ನಿಜವಾಗ್ಲೂ ಬೇಕು.

ನೆಲ ಬೇಕಿತ್ತು. ಯಾರದಾದ್ರೂ ಬೇಕಿತ್ತು. ಬೇರೆ ಯಾರದ್ದನ್ನ ತೋರಿಸಿದ್ರೂ ನನ್ನ ತಲೆ ಒಡೀತಿದ್ರು. ನೀನು ಒಡೆಯಲ್ಲ ಅಂತ ಗೊತ್ತಿತ್ತು. ಬೈತೀಯ, ಆಮೇಲೆ ಗಂಜಿ ಕೊಡ್ತೀಯ ಅಂತ ಗೊತ್ತಿತ್ತು. ಅಷ್ಟೇ ನನ್ನ ಲೆವೆಲ್ಲು, ಅಷ್ಟೇ ನನ್ನ ಇಂಜಿನಿಯರಿಂಗು.

ಹೇಳಿದ್ನಲ್ಲ. ಮಡಚು ಕಂಬಳಿ. ಮಾವಾ, ಮಂದೆ ಹೊಡಿ ಒಳಗೆ... ಯಾಕೆ ಅಲ್ಲಾಡಲ್ಲ? ಅಕ್ಕಾ, ಒಂದು ಮಾತಾಡು. 'ಹಾಳಾಗಿ ಓಗು' ಅನ್ನು. 'ನನ್ನ ಕಣ್ಣಿಗೆ ಕಾಣಬ್ಯಾಡ' ಅನ್ನು.

ನಿಂತು ಹೇಳಿದ್ದು ಲೆಕ್ಕಕ್ಕಿಲ್ವಾ?

ಕೂತು ಇನ್ನೊಂದು ಸಲ ಹೇಳ್ಬೇಕಾ? ಈ ಮಾವನ ಮುಂದೆ? ಕಂಬಳಿ ಮ್ಯಾಲೆ ಒಂದ್ಸಲ ಆಡಿದ್ರೆ ಮುಗೀತು ಕಣಕ್ಕಾ, ಆಮೇಲೆ ನಾಳೆ ಆಫೀಸರ ಮುಂದೂ ಅದೇ ಆಡಬೇಕು. 'ನಾನು ಯಾರನ್ನೂ ಕೇಳದೆ ಒಪ್ಪಿದೆ, ತಕರಾರು ಐತೆ' ಅಂತ. ಆ ಚೇರಲ್ಲಿ ಕೂತಿದ್ದೋನು. ಜನ ಏನಂತಾರೆ? ಹಳಿ ತಂದೋನೂ ಇವನೇ, ಹಳಿ ಕಿತ್ತೋನೂ ಇವನೇ ಅಂತ...

ಬಾಯಾರಿವೆ, ಕೂಗ್ತಾವೆ ನೋಡು ಕುರಿ.

ಸ್ವಲ್ಪ ಜರುಗಕ್ಕಾ.

... ಇಲ್ಲ, ಇಲ್ಲ. ನೀನು ಜರುಗಬ್ಯಾಡ. ನಾನೇ ಅಂಚಿಗೆ ಕೂರ್ತೀನಿ.